ತೃತೀಯ ಭಾಷೆಯ ಬದಲಿಗೆ

ಜೂನ್ ಬಂತೆಂದರೆ, ಎಂಟು ದಾಟಿದ ಮಕ್ಕಳಿಗೆ
ಒಂದು ಹಾಳೆ ಬರುತ್ತದೆ ನಮ್ಮ ಶಹಾಬಾದಿನ ಶಾಲೆಗೆ:
ತೃತೀಯ ಭಾಷೆ ಹಿಂದಿ,
ಅಥವಾ ಅದರ ಬದಲಿಗೆ ಆಟೊಮೊಬೈಲ್.
ಆಯ್ಕೆ ವಿದ್ಯಾರ್ಥಿಯದು ಎಂದು ಕೆಳಗೆ ಅಚ್ಚಾಗಿದೆ.
ಗುರುತು ಹಾಕುವವನು ನಾನು.
ಗಣಿತದ ಮಾಸ್ತರ, ಕೈಯಲ್ಲಿ ಕೆಂಪು ಪೆನ್ನು,
ಪಕ್ಕದಲ್ಲಿ ಹೋದ ವರ್ಷದ ಅಂಕಪಟ್ಟಿ.
ಅರವತ್ತರ ಮೇಲೆ ಹಿಂದಿ. ಕೆಳಗೆ ಇಂಜಿನ್.
ಚಹಾ ಆರುವುದರೊಳಗೆ ಮುಗಿಯುವ ಕೆಲಸ.

ಜಗದೇವಿ ಒಬ್ಬಳೇ ತಾನಾಗಿ ಗುರುತು ಹಾಕಿ ತಂದಿದ್ದಳು,
ನೀಲಿ ಶಾಯಿ, ಆಟೊಮೊಬೈಲಿನ ಚೌಕದಲ್ಲಿ.
"ಜಾಣ ಪೋರಿ ಇದ್ದಿ, ಯಾಕ ಹಾಳಾಗ್ತಿ?"
ಎಂದರು ಹೆಡ್‌ಮಾಸ್ಟರ್ ಗುರುಪಾದಪ್ಪನವರು.
ಹಾಳಾಗುವವರ ಪಟ್ಟಿ
ಅವರ ಮೊಣಕೈ ಕೆಳಗೇ ಇತ್ತು, ಮೂವತ್ತೊಂದು ಹೆಸರು.
ನಾನು ವೈಟ್ನರ್ ಹಚ್ಚಿ ಅವಳ ನೀಲಿಯನ್ನು ಅಳಿಸಿದೆ.
ಬೇಗ ಒಣಗಲೆಂದು ಊದಿದೆ ಕೂಡ.

ಇಂಜಿನ್ ಬಂದದ್ದು ಟೆಂಪೋದಲ್ಲಿ, ಕಟ್ಟಿಗೆ ಪೆಟ್ಟಿಗೆಯೊಳಗೆ.
ದಾಸ್ತಾನು ಪುಸ್ತಕದಲ್ಲಿ ನಂಬರು ಬಿತ್ತು,
ಖೋಲಿಗೆ ಕೀಲಿ ಬಿತ್ತು.
ಮುಟ್ಟಿದರೆ ಸವೆಯುತ್ತದೆ, ಸವೆದರೆ ಆಡಿಟ್ಟಿನವರು ಕೇಳುತ್ತಾರೆ.
ಹೀಗಾಗಿ ಅತಿಥಿ ಶಿಕ್ಷಕ ಸಿದ್ರಾಮ
ಹಲಗೆಯ ಮೇಲೆ ಸಿಲಿಂಡರ್ ಬರೆದ,
ಮಕ್ಕಳು ಮಗ್ಗಿಯ ಹಾಗೆ ರಾಗ ಎಳೆದರು:
ಹೀರು, ಒತ್ತು, ಉರಿ, ಉಗುಳು,
ಹೀರು, ಒತ್ತು, ಉರಿ, ಉಗುಳು.
ಪಕ್ಕದ ಕೋಣೆಯಲ್ಲಿ ನನ್ನ ಪೈಥಾಗೊರಸ್
ಅದೇ ರಾಗದಲ್ಲಿ ನಡೆದಿತ್ತು.
ಏಳು ತಿಂಗಳು ಗೌರವಧನ ಕಾದು
ಸಿದ್ರಾಮ ಒಂದು ದಿನ ಬರಲಿಲ್ಲ.
ಅವನ ಉತ್ತರಪತ್ರಿಕೆಗಳೂ ನನ್ನ ಮೇಜಿಗೇ ಬಂದವು.

ರೈಲ್ವೆ ಗೇಟಿನ ಹತ್ತಿರ ಮಾವನ ಗ್ಯಾರೇಜಿನಲ್ಲಿ
ಸಂಜೆ ಹೊತ್ತು ದುಡಿಯುವ ಮಶಾಕ್ ಬರೆದಿದ್ದ:
ವಾಲ್ವಿನ ದೋಷ ಹೇಗೆ ಪತ್ತೆ ಮಾಡುವಿರಿ? ಐದು ಅಂಕ.
"ಕಿವಿ ಇಟ್ಟರ ಗೊತ್ತಾಗ್ತದ ಸರ್.
ಛಲೋ ಇದ್ರ ಒಂದೇ ಸಮ ಉಸಿರಾಡ್ತದ,
ಕೆಟ್ಟಿದ್ರ ನಡುವ ನಡುವ ಕೆಮ್ಮತದ."
ಉತ್ತರಸೂಚಿಯನ್ನು ಎರಡು ಸಲ ನೋಡಿದೆ.
ಅದರಲ್ಲಿ ಐದು ಅಂಶಗಳಿದ್ದವು,
ಕಿವಿ ಇರಲಿಲ್ಲ.
ಸೊನ್ನೆ ಹಾಕಿದೆ. ದುಂಡಗೆ.

(ನನ್ನ ಮಗಳ ಹಾಳೆಯೂ ಅದೇ ವರ್ಷ ಬಂದಿತ್ತು.
ಹಿಂದಿ ಎಂದು ಬರೆದೆ, ತಲೆ ಎತ್ತದೆ.
ಅವಳ ಅಂಕ ಐವತ್ತೆಂಟು.)

ಆಡಿಟ್ ದಿನ ಖೋಲಿ ತೆರೆಯಿತು.
ನಾಲ್ವರು ಹುಡುಗರು ಪೆಟ್ಟಿಗೆ ಎತ್ತಿ ಅಂಗಳಕ್ಕೆ ತಂದರು.
ಸಾಹೇಬರು ಕೇಳಿದರು, ಕೆಲಸ ಮಾಡುತ್ತದೆಯೇ?
"ಸುಸ್ಥಿತಿ ಅದರಿ" ಎಂದರು ಗುರುಪಾದಪ್ಪನವರು.
ಮಶಾಕ್ ಯಾರನ್ನೂ ಕೇಳದೆ ಬಗ್ಗಿ
ತಣ್ಣನೆ ಕಬ್ಬಿಣಕ್ಕೆ ಕಿವಿ ಹಚ್ಚಿದ,
ಬೆರಳಿನಿಂದ ಎರಡು ಸಲ ತಟ್ಟಿದ.
"ಸರ್, ಒಳಗ ಪಿಸ್ಟನ್ನೇ ಇಲ್ಲರಿ."
ಯಾರೋ ನಕ್ಕರು. ಯಾರೋ ಕಿವಿ ಹಿಂಡಿದರು.
ಇಂಜಿನ್, ಒಂದು, ಸುಸ್ಥಿತಿ.
ಸಾಕ್ಷಿಯ ಜಾಗದಲ್ಲಿ ಸಹಿ ನನ್ನದು.

ಜಗದೇವಿ ಮಾತ್ರ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತಾರು.
ರಜೆಯಲ್ಲಿ ಅಪ್ಪ ಭೀಮಶಾನ ಜೊತೆ ಫರ್ಸಿ ಹಾಕಲು ಹೋಗುತ್ತಾಳೆ,
ದಾರ ಹಿಡಿಯುವವಳು ಅವಳೇ.
ಒಮ್ಮೆ ತರಗತಿಯಲ್ಲಿ ಎದ್ದು ನಿಂತು ಕೇಳಿದಳು:
"ಒಂಬತ್ತು, ಹದಿನಾರು ಕೂಡಿದ್ರ ಇಪ್ಪತ್ತೈದು, ಖರೆ.
ಆದ್ರ ದಾರ ಜಗ್ಗಿದ್ರ ಹಿಗ್ಗತದಲ್ರಿ ಸರ್,
ಅದನ್ನ ಎಲ್ಲಿ ಬರೀಬೇಕು?"
ಸಿಲೆಬಸ್ಸಿನಲ್ಲಿಲ್ಲ, ಕೂಡು ಎಂದೆ.
ಕೂತಳು.

ಈಗ ಮತ್ತೆ ಜೂನ್. ಹೊಸ ಹಾಳೆಗಳ ಕಟ್ಟು ಮನೆಗೇ ತಂದಿದ್ದೇನೆ.
ಎಲ್ಲರೂ ಮಲಗಿದ ಮೇಲೆ
ಮೂರು, ನಾಲ್ಕು, ಐದಕ್ಕೆ ಗಂಟು ಹಾಕಿ
ಪಡಸಾಲೆಯ ಮೂಲೆಯಲ್ಲಿ ದಾರ ಜಗ್ಗಿ ನೋಡಿದೆ.
ಈ ಮನೆಯ ಫರ್ಸಿ ಹಾಕಿದವನು ಭೀಮಶಾ.
ನನ್ನ ಕಾಟಕೋನ
ಒಂದು ಬೆರಳಷ್ಟು ಸರಿಯಿತು.
ಕಲ್ಲು ಸರಿಯಾಗೇ ಇತ್ತು.